ತಳವಿಲ್ಲದ ಕುಕ್ಕೆ

ಶಾಲೆಯ ಗೇಟಿನೊಳಗೆ ಕಾಲಿಟ್ಟಾಗ ನನಗೆ ಮೊದಲು ಕಂಡದ್ದು ಎರಡು ಕೈ. ಮಂಜು ಎಷ್ಟು ದಟ್ಟವಾಗಿತ್ತೆಂದರೆ ಮನುಷ್ಯ ಕಾಣುತ್ತಿರಲಿಲ್ಲ, ಕೈ ಮಾತ್ರ ಕಾಣುತ್ತಿದ್ದವು. ಅವೂ ಕೈ ಇರಬೇಕಾದ ಎತ್ತರದಲ್ಲಿರದೆ ಹೆಂಚಿನ ಸೂರಿನ ಹತ್ತಿರ ಇದ್ದವು. ಆ ಕೈಗಳು ಒಂದು ಕುಕ್ಕೆಯನ್ನು, ಅಂದರೆ ಇಲ್ಲಿಯ ಹೆಂಗಸರು ಕಾಫಿ ಹಣ್ಣು ಕುಯ್ಯುವಾಗ ಸೊಂಟಕ್ಕೆ ಕಟ್ಟಿಕೊಳ್ಳುವ ಬಿದಿರ ಬುಟ್ಟಿಯನ್ನು, ಒಂದು ಕಂಬದ ತುದಿಗೆ ಮೊಳೆ ಹೊಡೆದು ಕೂರಿಸುತ್ತಿದ್ದವು. ಬುಟ್ಟಿಗೆ ತಳವೇ ಇರಲಿಲ್ಲ. ನಮ್ಮ ಮನೆಯಲ್ಲಾಗಿದ್ದರೆ ತಳ ಹೋದ ಬುಟ್ಟಿ ನೇರವಾಗಿ ಬಚ್ಚಲ ಒಲೆಗೆ ಹೋಗುತ್ತಿತ್ತು. ಇಲ್ಲಿ ಅದನ್ನು ದೇವರ ಪಟದ ಹಾಗೆ ಮೇಲೆ ಏರಿಸುತ್ತಿದ್ದಾರಲ್ಲ ಎಂದು ನಾನು ಟ್ರಂಕನ್ನು ನೆಲಕ್ಕಿಟ್ಟು ನೋಡುತ್ತ ನಿಂತೆ. ಅಷ್ಟರಲ್ಲಿ ಮಂಜಿನೊಳಗಿಂದ ಬಿಳಿ ಹುಬ್ಬಿನ ಒಂದು ಕೆಂಪು ಮುಖ ಬಾಗಿ ಕೆಳಗೆ ಬಂತು.

"ಎಲ್ಲಿ ನೋವು?" ಎಂದು ಆ ಮುಖ ಅಚ್ಚಕನ್ನಡದಲ್ಲಿ ಕೇಳಿತು.

ಘಾಟಿಯ ತಿರುವುಗಳುದ್ದಕ್ಕೂ ಬಸ್ಸಿನ ಕಿಟಕಿಯಾಚೆ ತಲೆ ಹಾಕಿಕೊಂಡೇ ಬಂದವಳು ನಾನು. "ಹೊಟ್ಟೆಯಲ್ಲಿ" ಎಂದೆ. ಆತ ತಲೆಯಾಡಿಸಿ, ಜೇಬಿನಿಂದ ಒಂದು ನಿಂಬೆಹಣ್ಣು ತೆಗೆದುಕೊಟ್ಟು, "ಬಿಸಿನೀರು ಕುಡಿಯಿರಿ" ಎಂದು ಹೇಳಿ ಮತ್ತೆ ಮಂಜಿನೊಳಕ್ಕೆ ಎದ್ದು ನಿಂತ.

ಅವರೇ ಡಾಬ್ಸನ್ ಸಾಹೇಬರು. ಅಮೆರಿಕದಲ್ಲಿ ದುಡ್ಡು ತೆಗೆದುಕೊಂಡು ಬಾಸ್ಕೆಟ್‌ಬಾಲ್ ಆಡುತ್ತಿದ್ದವರು. ಮಂಡಿ ಹೋದ ಮೇಲೆ ಆಟ ಬಿಟ್ಟು, ಇಲ್ಲಿಯ ಆಸ್ಪತ್ರೆಯಲ್ಲಿ ಡಾಕ್ಟರಾಗಿರುವ ತಂಗಿಯನ್ನು ನೋಡಿಕೊಂಡು ಹೋಗೋಣವೆಂದು ಬಂದವರು ಹೋಗಲೇ ಇಲ್ಲ. ಅವರು ಕನ್ನಡ ಕಲಿತದ್ದು ತಂಗಿಯ ಕೋಣೆಯ ಹೊರಗೆ ಬೆಂಚಿನ ಮೇಲೆ ಕೂತು. ಹಾಗಾಗಿ ಅವರ ಭಾಷೆಯಲ್ಲಿ ನಮಸ್ಕಾರಕ್ಕೆ "ಎಲ್ಲಿ ನೋವು" ಎಂದೂ, ಹೋಗಿಬರುತ್ತೇನೆ ಎನ್ನುವುದಕ್ಕೆ "ಬಿಸಿನೀರು ಕುಡಿಯಿರಿ" ಎಂದೂ ಆಗಿಬಿಟ್ಟಿತ್ತು. ಮಡಿಕೇರಿಯವರು ಅದಕ್ಕೆ ಒಗ್ಗಿಹೋಗಿದ್ದರು. ನಾನು ನಿಜವಾದ ಉತ್ತರ ಕೊಟ್ಟದ್ದು ಮಾತ್ರ ಊರಿನಲ್ಲಿ ಬಹಳ ದಿನ ನಗುವಿಗೆ ವಿಷಯವಾಯಿತು.

ಮೈಸೂರಿನಲ್ಲಿ ಕೂತು ಇದನ್ನು ಓದುವವರಿಗೆ ಕೊಡಗು ಏನು ಮಹಾ ದೂರ ಎನಿಸಬಹುದು. ಬೆಳಗಿನ ತಿಂಡಿ ತಿಂದು ಬಸ್ಸು ಹತ್ತಿದರೆ ಮಧ್ಯಾಹ್ನದ ಊಟಕ್ಕೆ ಮಡಿಕೇರಿ. ಆದರೆ ಕುಶಾಲನಗರದ ಸೇತುವೆ ದಾಟಿದ ಮೇಲೆ ನೀವು ಬೇರೆ ರಾಜ್ಯದಲ್ಲಿರುತ್ತೀರಿ. ಇಲ್ಲಿ ಮಹಾರಾಜರಿಲ್ಲ, ಚೀಫ್ ಕಮಿಷನರ್ ಇದ್ದಾರೆ. ಅಂಗಡಿಯವನು ಒಬ್ಬರಿಗೆ ಕೊಡವ ಮಾತಿನಲ್ಲಿ, ಇನ್ನೊಬ್ಬರಿಗೆ ಮಲಯಾಳದಲ್ಲಿ, ಮೂರನೆಯವರಿಗೆ ತುಳುವಿನಲ್ಲಿ ಲೆಕ್ಕ ಹೇಳಿ, ನನ್ನ ಮುಖ ನೋಡಿದ ಕೂಡಲೇ "ಮೈಸೂರು ರಾಜ್ಯದವರಾ?" ಎಂದು ಕೇಳುತ್ತಾನೆ. ನಾವು ಲಂಡನ್ನಿನಿಂದ ಬಂದವರನ್ನು ಕೇಳುವ ಧಾಟಿಯಲ್ಲೇ ಕೇಳುತ್ತಾನೆ. ಕಾವೇರಿ ನೀರನ್ನು ಹುಟ್ಟಿದಾಗಿನಿಂದ ಕುಡಿದ ನನಗೆ, ಆ ಕಾವೇರಿ ಹುಟ್ಟುವ ನಾಡಿನಲ್ಲೇ ಪರದೇಶಿಯ ಪಟ್ಟ ಸಿಕ್ಕಿತು.

ಬಂದದ್ದು ಏಕೆ ಎನ್ನುವುದನ್ನೂ ಹೇಳಿಬಿಡುತ್ತೇನೆ. ಮುಚ್ಚಿಡುವಂಥದ್ದೇನಿಲ್ಲ. ನನಗೆ ಮದುವೆ ಕೂಡಿಬರಲಿಲ್ಲ. ಅಪ್ಪ ಅಮ್ಮ ಹೋದ ಮೇಲೆ ಚಾಮರಾಜಪುರದ ಅಣ್ಣನ ಮನೆಯಲ್ಲಿದ್ದೆ. ಅಣ್ಣ ಕೆಟ್ಟವನಲ್ಲ, ಅತ್ತಿಗೆಯೂ ಕೆಟ್ಟವಳಲ್ಲ. ಆದರೆ ಇಂಟರ್‌ಮೀಡಿಯೆಟ್ ಮುಗಿಸಿದ ನಾನು ಆ ಮನೆಯಲ್ಲಿ ಬೇಳೆ ಆರಿಸುವುದಕ್ಕೂ ಮಕ್ಕಳ ಜಡೆ ಹಾಕುವುದಕ್ಕೂ ಮೀಸಲಾಗಿದ್ದೆ. ಮಡಿಕೇರಿಯ ಹೆಣ್ಣುಮಕ್ಕಳ ಶಾಲೆಯಲ್ಲಿ ಕೆಲಸವಿದೆ ಎಂದು ಗೊತ್ತಾದಾಗ ಅರ್ಜಿ ಹಾಕಿ, ಕೆಲಸ ಸಿಕ್ಕಿದ ಮೇಲೆ ಅಣ್ಣನಿಗೆ ಹೇಳಿದೆ. "ಒಂದು ವರ್ಷ ನೋಡು. ಆಗದಿದ್ದರೆ ನಾನೇ ಬಂದು ಕರಕೊಂಡು ಬರ್ತೀನಿ" ಎಂದ. ಆಗುವುದಿಲ್ಲ ಎಂದು ಅವನಿಗೆ ಖಾತ್ರಿಯಿತ್ತು.

ಬಂದ ದಿನವೇ ನನಗೂ ಹಾಗೆಯೇ ಅನಿಸಿತು. ಕೆಲಸ ಕನ್ನಡ ಪಾಠದ್ದೆಂದು ನಾನು ತಿಳಿದಿದ್ದೆ. ಇಲ್ಲಿಗೆ ಬಂದರೆ ಕನ್ನಡಕ್ಕೆ ಆಗಲೇ ಒಬ್ಬ ಪಂಡಿತರಿದ್ದರು. ನನಗೆ ಕೊಟ್ಟದ್ದು ಕೆಳಗಿನ ತರಗತಿಗಳ ಪಾಠ, ಜೊತೆಗೆ ಆಟೋಟ. ಶಾಲಾ ಸಮಿತಿಯ ಅಧ್ಯಕ್ಷರು ಸುಬೇದಾರ್ ನಂಜಪ್ಪ, ಮೀಸೆಯ ಒಂದು ಕೂದಲೂ ಅಪ್ಪಣೆಯಿಲ್ಲದೆ ಅಲ್ಲಾಡದ ಮನುಷ್ಯ. ನಾನು ಆಟ ಆಡಿದವಳೇ ಅಲ್ಲ ಎಂದು ಹೇಳಿದ್ದಕ್ಕೆ ಅವರು, "ಮೈಸೂರಿಂದ ಬಂದವರಲ್ವಾ, ಕಲೀತೀರಿ" ಎಂದರು. ಆಮೇಲೆ ಮೈದಾನದ ಕಡೆ ಬೆತ್ತ ತೋರಿಸಿ ಹೇಳಿದರು: "ಇದೆಂತ ಆಟ ಮಾರಾಯ್ರೆ, ಬುಟ್ಟಿಗೆ ಬುಡ ಇಲ್ಲ! ಇದು ಹಾಕಿ ಊರು. ಸಾಹೇಬ್ರು ಪಾಪ ಆಸೆ ಪಟ್ರು ಅಂತ ಜಾಗ ಕೊಟ್ಟಿದ್ದೀವಿ. ಪ್ರತಿ ವರ್ಷ ಮೈಸೂರಿನ ಶಾಲೆಯವರು ಬರ್ತಾರೆ, ಸೋಲಿಸಿ ಹೋಗ್ತಾರೆ. ಈ ಸಲವೂ ಸೋತ್ರೆ ಜಾಗ ಹಾಕಿಗೆ. ಆಮೇಲೆ ಆಟದ ಟೀಚರ್ ಎಂತಕ್ಕೆ?"

ಅಂದರೆ ನನ್ನ ಅನ್ನ ಆ ತಳವಿಲ್ಲದ ಕುಕ್ಕೆಯಲ್ಲಿತ್ತು. ಇನ್ನೂ ಚೆಂದದ ಮಾತೆಂದರೆ, ಪ್ರತಿ ವರ್ಷ ಬಂದು ಸೋಲಿಸಿ ಹೋಗುತ್ತಿದ್ದ ಮೈಸೂರಿನ ಶಾಲೆ ನಾನೇ ಓದಿದ ಶಾಲೆ. ಅದರ ತಂಡದಲ್ಲಿ ಈಗ ಆಡುತ್ತಿದ್ದವರಲ್ಲಿ ಎಲ್ಲರಿಗಿಂತ ಉದ್ದದ ಹುಡುಗಿ ಸರಸ, ನಮ್ಮಣ್ಣನ ಮಗಳು. ಅವಳ ಜಡೆ ಹಾಕಿ ಹಾಕಿಯೇ ನನ್ನ ಬೆರಳು ಸವೆದದ್ದು.

ವಾಸಕ್ಕೆ ಒಂದು ಕೊಡವರ ಮನೆಯ ಹೊರಕೋಣೆ ಸಿಕ್ಕಿತು. ಮನೆಯ ಯಜಮಾನಿ ಎಪ್ಪತ್ತು ದಾಟಿದ ಪೊನ್ನಮ್ಮ. ಊರಿನ ಮಕ್ಕಳೆಲ್ಲ ಅವರನ್ನು "ತಾಯಿ" ಎನ್ನುತ್ತಿದ್ದರು. ಇಲ್ಲಿ ಹೆತ್ತವಳು ಅವ್ವ, ಅಜ್ಜಿಯೇ ತಾಯಿ. ಅವರ ಅಡಿಗೆಮನೆಯಿಂದ ಹಂದಿಕರಿಯ ವಾಸನೆ ಬಂದ ಮೊದಲ ದಿನ ನಾನು ಸೆರಗನ್ನು ಮೂಗಿಗೆ ಒತ್ತಿಕೊಂಡು, ಕೋಣೆಯಲ್ಲಿ ಒಬ್ಬಳೇ ಸಾರನ್ನ ಮಾಡಿಕೊಂಡು, ಉಣ್ಣಲಾಗದೆ ಅತ್ತೆ. ಮೈಸೂರಿನ ಮನೆಯಲ್ಲಿ ಒಂದು ಗಳಿಗೆ ಒಬ್ಬಳೇ ಕೂರಲು ಬಿಡಿ ಎಂದು ಬೇಡಿಕೊಳ್ಳುತ್ತಿದ್ದವಳು, ಇಲ್ಲಿ ಯಾರಾದರೂ ಬಾಗಿಲು ತಟ್ಟಲಿ ಎಂದು ಕಾದೆ. ಪೊನ್ನಮ್ಮ ತಟ್ಟಿದರು. ಕೈಯಲ್ಲಿ ಬೆಲ್ಲದ ಕಾಫಿ, ಅಕ್ಕಿ ಒಟ್ಟಿ, ಎಳೆ ಬಿದಿರಿನ ಪಲ್ಯ. "ಹೆದರ್ಬೇಡ ಮಗ. ಇದ್ರಲ್ಲಿ ಹಂದಿ ಇಲ್ಲ, ಬಿದಿರು ಮಾತ್ರ" ಎಂದರು. ಒಟ್ಟಿ ಎಂದರೆ ನಮ್ಮ ಅಕ್ಕಿರೊಟ್ಟಿಯ ನೆಂಟ. ನಮ್ಮದು ಗರಿಗರಿ, ಇದು ಮೆತ್ತಗೆ. ಆ ದಿನದಿಂದ ನನಗೆ ಮೆತ್ತಗಿನದೇ ಸರಿ ಎನಿಸಿತು.

ಸೀರೆಯದೂ ಅವರದೇ ಕೃಪೆ. ಮೈಸೂರಿನ ನೆರಿಗೆ ಮುಂದೆ ಇಳಿಬಿಟ್ಟುಕೊಂಡು ನಾನು ಮೈದಾನದಲ್ಲಿ ಓಡಲು ಹೋಗಿ ಮೊದಲ ವಾರವೇ ಹುಡುಗಿಯರೆದುರು ಬೋರಲು ಬಿದ್ದೆ. ಡಾಬ್ಸನ್ ಓಡಿ ಬಂದು "ಎಲ್ಲಿ ನೋವು?" ಎಂದು ಕೇಳಿದಾಗ ಮೊದಲ ಬಾರಿಗೆ ಆ ಪ್ರಶ್ನೆ ಸರಿಯಾದ ಜಾಗದಲ್ಲಿ ಬಿತ್ತು. ಪೊನ್ನಮ್ಮ ನನ್ನನ್ನು ತಿರುಗಿಸಿ ನಿಲ್ಲಿಸಿ, ನೆರಿಗೆಗಳನ್ನೆಲ್ಲ ಹಿಂದಕ್ಕೆ ಸಿಕ್ಕಿಸಿ, ಸೆರಗನ್ನು ಹೆಗಲ ಮೇಲೆ ಗಂಟು ಹಾಕಿದರು. ಗುಡ್ಡದ ಹೆಂಗಸರು ಏಕೆ ಹಾಗೆ ಉಡುತ್ತಾರೆಂದು ನಾಲ್ಕು ಹೆಜ್ಜೆ ಇಟ್ಟ ಕೂಡಲೇ ತಿಳಿಯಿತು. ಮುಂದೆ ಕಾಲಿಗೆ ಅಡ್ಡವಿಲ್ಲ. ನಾನು ಅಂಗಳದಲ್ಲಿ ಅತ್ತಿಂದಿತ್ತ ಓಡಿ ನೋಡಿದೆ. ಬೆಳೆದ ಹೆಂಗಸು ಕಾರಣವಿಲ್ಲದೆ ಓಡುವ ಸುಖವನ್ನು ಚಾಮರಾಜಪುರದಲ್ಲಿ ಯಾರೂ ನನಗೆ ಹೇಳಿರಲಿಲ್ಲ.

ಇನ್ನು ಆಟ. ನಮ್ಮ ಹುಡುಗಿಯರು ಜಿಂಕೆಗಳ ಹಾಗೆ ಓಡುತ್ತಿದ್ದರು, ದಣಿವೆಂದರೆ ಗೊತ್ತಿಲ್ಲ. ಆದರೆ ಚೆಂಡು ಕೈಗೆ ಬಂದ ಕೂಡಲೇ ಏನೋ ಆಗುತ್ತಿತ್ತು. ಕುಕ್ಕೆಗೆ ಎಸೆಯಲೆಂದು ತೋಳೆತ್ತುತ್ತಿದ್ದರು, ತೋಳು ಭುಜದ ಮಟ್ಟಕ್ಕೆ ಬಂದು ಅಲ್ಲೇ ಗಕ್ಕನೆ ನಿಂತುಬಿಡುತ್ತಿತ್ತು. ಆ ಒಂದು ಕ್ಷಣದ ಅಳುಕಿನಲ್ಲಿ ಚೆಂಡು ಎಲ್ಲೋ ಹೋಗಿ ಬೀಳುತ್ತಿತ್ತು. ಡಾಬ್ಸನ್ "ಮೇಲೆ! ಮೇಲೆ!" ಎಂದು ಕೂಗಿ ಕೂಗಿ ಗಂಟಲು ಕಟ್ಟಿಸಿಕೊಂಡರು. ನಾಯಕಿ ಬೊಳ್ಳಮ್ಮ, ಪೊನ್ನಮ್ಮನವರ ಮೊಮ್ಮಗಳು, ಎಂಥ ಗಟ್ಟಿಗಿತ್ತಿಯೆಂದರೆ ಹಾವನ್ನೂ ಬಾಲ ಹಿಡಿದು ಎಸೆಯುವವಳು. ಅವಳದೂ ಅದೇ ಕಥೆ.

ಕೊನೆಗೆ ನಾನು ಅವಳನ್ನು ಕೂರಿಸಿಕೊಂಡು ಕೇಳಿದೆ, "ತೋಳು ಎತ್ತಕ್ಕೆ ಏನೇ ಆಗುತ್ತೆ ನಿಂಗೆ?"

"ಎತ್ತಿದ್ರೆ ಫೌಲ್ ಅಲ್ವಾ ಟೀಚರ್" ಎಂದಳು.

"ಯಾರು ಹೇಳಿದ್ದು?"

"ಅಣ್ಣಂದಿರು. ಚಿಕ್ಕಂದಿನಲ್ಲಿ ಪೇರಳೆ ಕೊಂಬೆಯನ್ನೇ ಕೋಲು ಮಾಡ್ಕೊಂಡು ಹಾಕಿ ಆಟ ಆಡ್ತಿದ್ವಿ. ಕೋಲು ಭುಜಕ್ಕಿಂತ ಮೇಲೆ ಹೋದ್ರೆ ಫೌಲ್. ನಾನು ಎತ್ತಿದಾಗೆಲ್ಲ ಕೈ ಮೇಲೇ ಬಾರಿಸ್ತಿದ್ರು. ಇದು ಬೇರೆ ಆಟ ಅಂತ ಗೊತ್ತು ಟೀಚರ್. ಕೈಗೆ ಗೊತ್ತಾಗಲ್ಲ."

ಉಳಿದವರನ್ನೂ ಕೇಳಿದೆ. ಭಾಗಮಂಡಲದ ಕಡೆಯ ಗೌಡರ ಹುಡುಗಿ ಲೀಲಾ ತಮ್ಮ ಅರೆಭಾಷೆಯಲ್ಲಿ "ನಂಗೂ ಹಂಗೇ ಟೀಚರೇ, ಎಂತ ಮಾಡ್ದು?" ಎಂದು ಕೈ ನೋಡಿಕೊಂಡಳು. ತಂಡಕ್ಕೆ ತಂಡವೇ ಅಣ್ಣಂದಿರ ಜೊತೆ ಹಾಕಿ ಆಡಿ ಬೆಳೆದದ್ದು. ಹಾಕಿ ಊರಿನಲ್ಲಿ ಮಾತ್ರ ಆಗಬಹುದಾದ ತಪ್ಪು ಅದು.

ನಾನು ಹೋಗಿ ಡಾಬ್ಸನ್ನರಿಗೆ ಹೇಳಿದೆ. ಅವರು ಬೈಯುತ್ತಾರೆಂದುಕೊಂಡರೆ, ಆ ಉದ್ದ ದೇಹ ಮಡಚಿಕೊಂಡು ಹುಲ್ಲಿನ ಮೇಲೆ ಕೂತು ಕಣ್ಣಲ್ಲಿ ನೀರು ಬರುವ ತನಕ ನಕ್ಕರು. ಆಮೇಲೆ ಅರ್ಧ ಕನ್ನಡದಲ್ಲಿ, ಅರ್ಧ ಇಂಗ್ಲಿಷಿನಲ್ಲಿ ತಮ್ಮ ಕಥೆ ಹೇಳಿದರು. ಹುಡುಗಿಯರು ಸುತ್ತ ಕೂತರು.

ಅವರು ಹುಟ್ಟಿದ್ದು ಕಲ್ಲಿದ್ದಲು ತೆಗೆಯುವ ಊರಿನಲ್ಲಿ. ಅಲ್ಲಿಯೂ ಮಂಜು ಬೀಳುತ್ತದಂತೆ, ಆದರೆ ಕಪ್ಪಗೆ. ಗಣಿಗೆ ಇಳಿಯಬೇಕಾದ ವಯಸ್ಸಿನಲ್ಲಿ ಆಟಕ್ಕೆ ಸೇರಿದರು. ಆಗ ಆಟ ನಡೆಯುತ್ತಿದ್ದದ್ದು ನೃತ್ಯದ ಸಭಾಂಗಣಗಳಲ್ಲಿ. ಮೊದಲು ಆಟ, ಆಮೇಲೆ ಅದೇ ನೆಲದ ಮೇಲೆ ಜೋಡಿಗಳ ಕುಣಿತ. ಚೆಂಡು ಜನರ ಮೇಲೆ ಬೀಳದಿರಲೆಂದು ಸುತ್ತಲೂ ತಂತಿಬಲೆ ಕಟ್ಟುತ್ತಿದ್ದರು, ಆಟಗಾರರು ಪಂಜರದಲ್ಲಿನ ಕೋಳಿಗಳ ಹಾಗೆ ಒಳಗೆ. ತಂತಿ ಗೀರಿದ ಗುರುತುಗಳನ್ನು ಅವರು ಅಂಗಿ ತೋಳು ಮಡಚಿ ತೋರಿಸಿದರು. ಕೆಲವು ಊರುಗಳ ಹೆಂಗಸರು ಟೋಪಿಯ ಪಿನ್ನು ತೆಗೆದು ಬಲೆಯ ಸಂದಿಯಿಂದ ಪರವೂರಿನ ಆಟಗಾರರ ತೊಡೆಗೆ ಚುಚ್ಚುತ್ತಿದ್ದರಂತೆ. ಇದನ್ನು ಕೇಳಿ ಬೊಳ್ಳಮ್ಮನ ಮುಖ ಅರಳಿತು. "ನಾವೂ ಚುಚ್ಚಬಹುದಾ?" ಎಂದಳು.

ಒಂದೇ ಕಾರಿನಲ್ಲಿ ಇಡೀ ತಂಡ ತುಂಬಿಕೊಂಡು, ಹಿಮದಲ್ಲಿ ಊರಿಂದೂರಿಗೆ ಹೋಗಿ, ಗೆದ್ದರೆ ಮಾಂಸ ಸೋತರೆ ಬರೀ ಬ್ರೆಡ್ಡು ತಿಂದು ಯೌವನ ಕಳೆದವರು ಅವರು. ಅವರ ಹೆಸರು ನಡೆಯುತ್ತಿದ್ದದ್ದು ಒಂದು ವಿದ್ಯೆಯಿಂದ. ಎದುರಾಳಿ ತಪ್ಪು ಮಾಡಿದಾಗ, ಯಾರೂ ಅಡ್ಡ ಬರದಂತೆ ನಿಂತು ಎಸೆಯುವ ಅವಕಾಶ ಸಿಗುತ್ತದಲ್ಲ, ಫ್ರೀ ಥ್ರೋ, ಅದರಲ್ಲಿ ಅವರ ಚೆಂಡು ತಪ್ಪುತ್ತಲೇ ಇರಲಿಲ್ಲ. ಎಸೆಯುತ್ತಿದ್ದದ್ದು ಕೆಳಗಿನಿಂದ. ಎರಡೂ ಕೈಯಲ್ಲಿ ಚೆಂಡು ಹಿಡಿದು, ಮಂಡಿ ಬಗ್ಗಿಸಿ, ಬಾವಿಯಿಂದ ಕೊಡ ಎತ್ತಿದ ಹಾಗೆ ತೊಡೆಯ ಮಟ್ಟದಿಂದ ಮೇಲಕ್ಕೆ ತೂರುವುದು. ಆಮೇಲೆ ಕಾಲ ಬದಲಾಯಿತು. ಹಾರಿ, ತಲೆಯ ಮೇಲಿಂದ ಒಂದೇ ಕೈಯಲ್ಲಿ ಎಸೆಯುವ ಹುಡುಗರು ಬಂದರು. ಇವರ ಎಸೆತ ಕಂಡು ಜನ ನಗತೊಡಗಿದರು. ಹೊಸ ತರಬೇತುದಾರ "ಹೆಂಗಸರ ಹಾಗೆ ಎಸೆಯಬೇಡ" ಎಂದ. ಅವನನ್ನು ಮೆಚ್ಚಿಸಲು ಹಾರಲು ಹೋಗಿ ಮಂಡಿ ಮುರಿಯಿತು. ಕೊನೆಯ ಪಂದ್ಯದ ದಿನ ಒಬ್ಬರೂ ಬಂದು ಕೈ ಕುಲುಕಲಿಲ್ಲವಂತೆ.

"ಹೆಂಗಸರ ಹಾಗೆ" ಎಂದು ಅವರು ಮತ್ತೊಮ್ಮೆ ಕನ್ನಡದಲ್ಲಿ ಹೇಳಿದರು. ಎದ್ದು ನಿಂತು, ಬೊಳ್ಳಮ್ಮನ ಕೈಯಿಂದ ಚೆಂಡು ತೆಗೆದುಕೊಂಡು, ಕುಕ್ಕೆಯ ಕಡೆ ನೋಡಿ, ಕೆಳಗಿನಿಂದ ತೂರಿದರು. ಚೆಂಡು ಕುಕ್ಕೆಯ ಅಂಚಿಗೂ ತಾಗದೆ ಇಳಿಯಿತು. "ಭುಜದ ಮೇಲೆ ಬೇಡ. ಎಲ್ಲ ಕೆಳಗೆ. ನಾವು ಕೆಳಗೆ ಆಡುತ್ತೇವೆ" ಎಂದರು.

ಅಲ್ಲಿಂದ ನಮ್ಮ ಆಟವೇ ಬೇರೆಯಾಯಿತು. ಮಳೆ ನಿಂತ ಮೇಲೂ ಶಾಲೆಯ ಮೈದಾನ ಒಣಗಿರಲಿಲ್ಲ. ಪೊನ್ನಮ್ಮ ತಮ್ಮ ಎಸ್ಟೇಟಿನ ಕಣ, ಅಂದರೆ ಕಾಫಿ ಹಣ್ಣು ಒಣಗಿಸುವ ಗಟ್ಟಿ ನೆಲದ ಅಂಗಳ, ಬಿಟ್ಟುಕೊಟ್ಟರು. ಕಾಫಿ ಕುಯ್ಲು ಶುರುವಾಗುವ ತನಕ ಅದೇ ನಮ್ಮ ಮೈದಾನ. ಹುಡುಗಿಯರು ಬಗ್ಗಿ ಓಡುತ್ತ ಚೆಂಡನ್ನು ಮಂಡಿಯ ಮಟ್ಟದಲ್ಲಿ ನೆಲಕ್ಕೆ ಪುಟಿಸಿ ಒಬ್ಬರಿಂದೊಬ್ಬರಿಗೆ ದಾಟಿಸುತ್ತಿದ್ದರು. ಹಾಕಿ ಕಲಿತ ಕೈಗಳಿಗೆ ಅದು ನೀರು ಕುಡಿದಷ್ಟು ಸುಲಭ. ಎತ್ತರದವರು ತಡೆಯಬೇಕಾದರೆ ಬಗ್ಗಬೇಕು, ಬಗ್ಗಿದರೆ ಇವರ ಕೈಗೆ ಹೊಡೆಯುತ್ತಾರೆ, ಹೊಡೆದರೆ ಫ್ರೀ ಥ್ರೋ. ಇದು ಡಾಬ್ಸನ್ನರ ಲೆಕ್ಕ. ಅವರ ಕಾಲದ ಹಳೆಯ ನಿಯಮದಂತೆ ಫ್ರೀ ಥ್ರೋವನ್ನು ತಂಡದ ಯಾರು ಬೇಕಾದರೂ ಎಸೆಯಬಹುದಿತ್ತು; ಅದಕ್ಕೆ ಅವರು ಆರಿಸಿದ್ದು ಅಪರೂಪಕ್ಕೆ ಮಾತಾಡುವ ಲೀಲಾಳನ್ನು. ನಾನೂ ಕಲಿತೆ. ಸಂಜೆ ಹುಡುಗಿಯರು ಹೋದ ಮೇಲೆ ನಾನೂ ಡಾಬ್ಸನ್ನರೂ ಕುಕ್ಕೆಗೆ ಎಸೆಯುತ್ತ, ಅವರು ತಮ್ಮೂರಿನ ಜೋಳದ ಬ್ರೆಡ್ಡಿನ ವಿಷಯ, ನಾನು ದೇವರಾಜ ಮಾರ್ಕೆಟ್ಟಿನ ಮಲ್ಲಿಗೆಯ ವಿಷಯ ಹೇಳಿಕೊಳ್ಳುತ್ತಿದ್ದೆವು. ಇಬ್ಬರಿಗೂ ಊರು ಬೇಕಿತ್ತು, ಇಬ್ಬರಿಗೂ ವಾಪಸು ಹೋಗುವುದು ಬೇಕಿರಲಿಲ್ಲ.

ಕಾಫಿ ಹೂವಿನ ಕಾಲಕ್ಕೆ ಮೈಸೂರಿನ ಬಸ್ಸು ಬಂತು. ಸರಸ ಇಳಿದು "ಅತ್ತೇ!" ಎಂದು ಕಿರುಚಿ ನನ್ನನ್ನು ತಬ್ಬಿಕೊಂಡಳು. ಅವಳ ಹಿಂದೆ ಅಣ್ಣ ಇಳಿದ. ಅವನ ಕೈಯಲ್ಲಿ ಹೊಸ ಹಗ್ಗದ ಸುರುಳಿಯೊಂದಿತ್ತು. ನನ್ನನ್ನು ಮೇಲಿಂದ ಕೆಳಗೆ ನೋಡಿ, "ಏನೇ ಇದು ವೇಷ? ನೆರಿಗೆ ಎಲ್ಲಿ ಹೋಯ್ತು?" ಎಂದ.

"ಹಿಂದೆ ಇದೆ" ಎಂದೆ.

"ಸರಿ. ನಾಳೆ ಆಟ ಮುಗಿದ ಮೇಲೆ ಟ್ರಂಕು ಹಾಸಿಗೆ ಕಟ್ಟೋಣ. ನಿಮ್ಮ ಸುಬೇದಾರರು ಕಾಗದ ಬರೆದು ಎಲ್ಲ ಹೇಳಿದಾರೆ."

ಆ ರಾತ್ರಿ ಮೈಸೂರಿನ ಹುಡುಗಿಯರಿಗೆ ಪೊನ್ನಮ್ಮನ ಮನೆಯಲ್ಲೇ ಊಟ. ಬೊಳ್ಳಮ್ಮ, ಲೀಲಾ ಎಲ್ಲ ಬಂದು ಬಡಿಸಿದರು. ಸರಸಳಿಗೆ ಒಟ್ಟಿಯ ಮೇಲೆ ಜೇನು ಸುರಿದು ಸುರಿದು ತಿನ್ನಿಸಿದರು. ಅವಳು ನನ್ನ ಮಡಿಲಲ್ಲಿ ತಲೆಯಿಟ್ಟು, ನನ್ನ ಕೈಯಲ್ಲಿ ಜಡೆ ಹಾಕಿಸಿಕೊಂಡಳು. ಅದನ್ನು ನಮ್ಮ ಹುಡುಗಿಯರು ನೋಡಿದರು. ಅವರು ನೋಡುತ್ತಿದ್ದಾರೆಂದು ನಾನು ಗಮನಿಸಲಿಲ್ಲ.

ಪಂದ್ಯಕ್ಕೆ ಊರೇ ಸೇರಿತ್ತು. ಮೈದಾನದ ಎರಡೂ ತುದಿಯಲ್ಲಿ ಕುಕ್ಕೆಯ ಜಾಗಕ್ಕೆ ಕಮ್ಮಾರನಿಂದ ಮಾಡಿಸಿದ ಕಬ್ಬಿಣದ ಬಳೆಗಳು ಬಂದಿದ್ದವು. ಆಟ ಶುರುವಾದ ಕೂಡಲೇ ನಮ್ಮವರು ಬಗ್ಗಿ ಓಡುವುದನ್ನು ಕಂಡು ಮೈಸೂರಿನವರ ಕಡೆಯಿಂದ ಯಾರೋ "ರಂಗೋಲಿ ಹಾಕ್ತಿದಾರೆ ನೋಡ್ರೋ!" ಎಂದು ಕೂಗಿದರು. ಎಲ್ಲರೂ ನಕ್ಕರು. ಅಣ್ಣನೂ ನಕ್ಕ. ನಗಲಿ ಎಂದುಕೊಂಡೆ. ಆದರೆ ನಮ್ಮ ಆಟದಲ್ಲಿ ಏನೋ ಕೊರತೆಯಿತ್ತು. ಚೆಂಡು ದಾಟುತ್ತಿತ್ತು, ಎದುರಾಳಿಗಳು ತಬ್ಬಿಬ್ಬಾಗುತ್ತಿದ್ದರು, ಆದರೆ ಸರಸ ಎದುರಾದ ಕೂಡಲೇ ನಮ್ಮವರು ದಾರಿ ಬಿಟ್ಟು ಸರಿಯುತ್ತಿದ್ದರು. ಅವಳು ಒಮ್ಮೆ ಎಡವಿ ಬಿದ್ದಾಗ ಬೊಳ್ಳಮ್ಮ ತನ್ನ ಕೈಯ ಚೆಂಡು ಬಿಟ್ಟು ಹೋಗಿ ಅವಳನ್ನು ಎಬ್ಬಿಸಿ ಮಂಡಿಯ ಧೂಳು ಒರೆಸಿದಳು. ಅಷ್ಟರಲ್ಲಿ ಎದುರಿನವರು ಆ ಚೆಂಡನ್ನು ನಮ್ಮ ಬಳೆಯೊಳಗೆ ಹಾಕಿಬಿಟ್ಟಿದ್ದರು. ಸುಬೇದಾರರು ಮೀಸೆ ಕಚ್ಚಿಕೊಂಡರು. ಡಾಬ್ಸನ್ ತಲೆಯ ಮೇಲೆ ಕೈ ಹೊತ್ತು ಕೂತರು.

ಅರ್ಧ ಆಟ ಮುಗಿದಾಗ ನಾವು ಬಹಳ ಹಿಂದಿದ್ದೆವು. ಹುಡುಗಿಯರು ಬಂದು ನನ್ನ ಸುತ್ತ ನಿಂತರು. ಯಾರೂ ತಲೆ ಎತ್ತಲಿಲ್ಲ.

"ಏನಾಗಿದೆ ನಿಮಗೆಲ್ಲ?" ಎಂದೆ.

ಬೊಳ್ಳಮ್ಮ ಕಾಲಿನಿಂದ ಮಣ್ಣು ಕೆರೆದಳು. ಮಾತಾಡಿದ್ದು ಲೀಲಾ. "ಟೀಚರೇ, ಅವ್ಳು ನಿಮ್ಮ ಮನೆಯವ್ಳಲ್ವಾ. ನಿಮ್ಮ ಅಣ್ಣನೂ ಬಂದವ್ರೆ. ಅವ್ರ ಎದ್ರಲ್ಲಿ ಅವ್ರ ಮಗ್ಳನ್ನ ಸೋಲ್ಸುದು ಹೆಂಗೆ? ನಿಮ್ಗೆ ಬೇಜಾರು ಆಕಿಲ್ವಾ?"

"ನಮ್ಮನೇಲಿ ಉಂಡವರನ್ನ..." ಎಂದು ಬೊಳ್ಳಮ್ಮ ಅರ್ಧಕ್ಕೇ ನಿಲ್ಲಿಸಿದಳು.

ಇಷ್ಟು ದಿನ ಈ ಹುಡುಗಿಯರು ನನ್ನನ್ನು ಮೈಸೂರಿನವಳೆಂದೇ ಎಣಿಸಿದ್ದರು, ಅದೂ ಪ್ರೀತಿಯಿಂದ. ನನ್ನ ಮಾನ ಕಾಯಲು ನನ್ನ ಕೆಲಸವನ್ನೇ ಕಳೆಯುತ್ತಿದ್ದರು. ಅಣ್ಣ ಹತ್ತಿರದಲ್ಲೇ ಕೂತಿದ್ದ, ಹಗ್ಗದ ಸುರುಳಿ ಅವನ ತೊಡೆಯ ಮೇಲಿತ್ತು. ಅವನಿಗೆ ಕೇಳಿಸುವ ಹಾಗೆಯೇ ಹೇಳಿದೆ.

"ಕೇಳ್ರೇ ಇಲ್ಲಿ. ಸರಸ ನಮ್ಮಣ್ಣನ ಮಗಳು. ಎತ್ತಿ ಆಡಿಸಿದ ಮಗು. ಅವಳು ಬಿದ್ದರೆ ಎಬ್ಬಿಸಕ್ಕೆ ನಾನಿದೀನಿ. ನೀವು ನನ್ನ ಹುಡುಗೀರು. ನೀವು ಸೋತರೆ ನಾಳೆ ಆ ಬಸ್ಸಲ್ಲಿ ನಾನೂ ಹೋಗಬೇಕು. ನನಗೆ ಹೋಗಕ್ಕೆ ಇಷ್ಟ ಇಲ್ಲ. ಅವಳನ್ನ ಸೋಲಿಸಿ."

ಹೇಳಿದ ಮೇಲೆ ಅಣ್ಣನ ಕಡೆ ನೋಡುವ ಧೈರ್ಯವಾಗಲಿಲ್ಲ. ಬೊಳ್ಳಮ್ಮ ತಲೆ ಎತ್ತಿದಳು. ಅವಳ ಮುಖದಲ್ಲಿ ಹಾವಿನ ಬಾಲ ಹಿಡಿಯುವ ಹುಡುಗಿ ಮತ್ತೆ ಬಂದಿದ್ದಳು.

ಆಮೇಲಿನ ಆಟವನ್ನು ನೀವು ನೋಡಬೇಕಿತ್ತು. ಚೆಂಡು ನೆಲ ಬಿಟ್ಟು ಏಳಲೇ ಇಲ್ಲ. ಮೈಸೂರಿನ ಉದ್ದನೆಯ ಹುಡುಗಿಯರ ಕಾಲುಗಳ ನಡುವೆ, ಬಗಲಿನ ಕೆಳಗೆ, ಬೆನ್ನ ಹಿಂದೆ ಇಲಿಯ ಹಾಗೆ ನುಗ್ಗಿತು. ಅವರು ಮೇಲೆ ತೋಳು ಚಾಚಿ ಕಾದರು, ಮೇಲೆ ಏನೂ ಬರಲಿಲ್ಲ. ಬಗ್ಗಿದರು, ನಮ್ಮವರ ಕೈಗೆ ಹೊಡೆದರು, ಸೀಟಿ ಕೂಗಿತು. ಪ್ರತಿ ಸಲವೂ ಲೀಲಾ ಬಂದು ನಿಂತು, ಮಂಡಿ ಬಗ್ಗಿಸಿ, ಬಾವಿಯಿಂದ ಕೊಡ ಎತ್ತಿದಳು. ಮೊದಲ ಎಸೆತಕ್ಕೆ ನಕ್ಕವರು ಮುಂದಿನದಕ್ಕೆ ನಗಲಿಲ್ಲ. ರಂಗೋಲಿ ಎಂದವನ ದನಿ ಅಡಗಿತು. ಸುಬೇದಾರರು ಕುರ್ಚಿಯಿಂದ ಎದ್ದರು, ಬೆತ್ತ ಬೀಸಿದರು, ಕೊನೆಗೆ ಕೊಡವ ಮಾತಿನಲ್ಲಿ ಏನೇನೋ ಕೂಗತೊಡಗಿದರು.

ಮುಗಿಯುವ ಹೊತ್ತಿಗೆ ಎರಡೂ ಕಡೆ ಸಮ. ಸರಸ ಬಗ್ಗಿದಳು, ಬೊಳ್ಳಮ್ಮನ ಕೈಗೆ ಬಡಿದಳು. ಸೀಟಿ. ಲೀಲಾ ಗೆರೆಯ ಬಳಿ ಬಂದು ನನ್ನ ಕಡೆ ತಿರುಗಿ, "ಗೊತ್ತುಟ್ಟು ಟೀಚರೇ" ಎಂದಳು. ನನಗೆ ಗೊತ್ತಿದೆ ಎಂದರ್ಥ. ಚೆಂಡು ಅವಳ ಕೈಬಿಟ್ಟು, ನಿಧಾನವಾಗಿ ಸುತ್ತುತ್ತ ಏರಿ, ಬಳೆಯ ನಡುವೆ ಇಳಿಯಿತು.

ಗೆದ್ದೆವು! ಒಂದೇ ಪಾಯಿಂಟಿನಲ್ಲಿ, ಆದರೆ ಗೆದ್ದೆವು. ಹತ್ತಿರದ ಮದುವೆಮನೆಯಿಂದ ಯಾರೋ ವಾಲಗದವರನ್ನೇ ಹಿಡಿದು ತಂದರು. ಕೊಡಗಿನ ವಾಲಗ ಕೇಳಿದರೆ ಕಾಲು ತಾನಾಗಿ ಎದ್ದು ಕುಣಿಯುತ್ತದೆ. ಹುಡುಗಿಯರು, ಅವರ ಅಣ್ಣಂದಿರು, ಪೊನ್ನಮ್ಮ, ಎಲ್ಲರೂ ಮೈದಾನದ ನಡುವೆ ಕುಣಿದರು. ಮುರಿದ ಮಂಡಿಯ ಡಾಬ್ಸನ್ ಒಂಟಿ ಕಾಲಿನ ಕೊಕ್ಕರೆಯ ಹಾಗೆ ಕುಣಿದರು. "ಮೊದಲು ಆಟ, ಆಮೇಲೆ ಕುಣಿತ!" ಎಂದು ಕೂಗುತ್ತಿದ್ದರು. ಅಲ್ಲಿ ಯಾರೂ ಕುಲುಕದ ಆ ಕೈಯನ್ನು ಇಲ್ಲಿ ಜನ ಸರದಿಯಲ್ಲಿ ನಿಂತು ಕುಲುಕಿದರು. ಸುಬೇದಾರರು ನನ್ನೆದುರು ಬಂದು ನೆಟ್ಟಗೆ ನಿಂತು, "ಜಾಗ ಇಲ್ಲೇ ಇರ್ಲಿ. ಟೀಚರೂ ಇಲ್ಲೇ ಇರ್ಲಿ" ಎಂದು, ಮೀಸೆ ತಿರುವಿ ಹೋದರು.

ಮೈದಾನದ ಇನ್ನೊಂದು ತುದಿಯಲ್ಲಿ ಸರಸ ಒಬ್ಬಳೇ ಕೂತು ಅಳುತ್ತಿದ್ದಳು. ನಾನು ಹೋಗಿ ಪಕ್ಕದಲ್ಲಿ ಕೂತು ಸೆರಗಿನಿಂದ ಅವಳ ಮುಖ ಒರೆಸಿದೆ. ಅಷ್ಟರಲ್ಲಿ ನನಗೂ ಅಳು ಬಂತು. ಡಾಬ್ಸನ್ ಕುಂಟುತ್ತ ಬಂದು ನಮ್ಮಿಬ್ಬರ ಮೇಲೆ ಬಾಗಿ ನನ್ನನ್ನು ಕೇಳಿದರು, "ಎಲ್ಲಿ ನೋವು?"

ನಾನು ಸರಸಳ ತಲೆಯನ್ನು ಹೆಗಲಿಗೆ ಒರಗಿಸಿಕೊಂಡೆ. ಗೆದ್ದ ಸಂತೋಷ ಎದೆಯೊಳಗೆ ಹಿಡಿಸುತ್ತಿರಲಿಲ್ಲ, ಅದರ ಮಗ್ಗುಲಲ್ಲೇ ನೋವೂ ಇತ್ತು. ಅವರಿಗೆ ಅದು ಅರ್ಥವಾಯಿತೆಂದು ತೋರುತ್ತದೆ. "ಬಿಸಿನೀರು ಕುಡಿಯಿರಿ" ಎಂದು ಮೆಲ್ಲಗೆ ಹೇಳಿ ಹೋದರು.

ಮರುದಿನ ಬೆಳಿಗ್ಗೆ ಬಸ್‌ಸ್ಟ್ಯಾಂಡಿನಲ್ಲಿ ಅಣ್ಣ ಹಗ್ಗದ ಸುರುಳಿಯನ್ನು ನನ್ನ ಕೈಗಿತ್ತ. "ಇಟ್ಕೋ. ಬಟ್ಟೆ ಒಣಹಾಕಕ್ಕೆ ಆಗುತ್ತೆ. ಈ ಮಂಜಲ್ಲಿ ಏನು ಒಣಗುತ್ತೋ" ಎಂದ. ಆಮೇಲೆ ಬೇರೆ ಕಡೆ ನೋಡುತ್ತ, "ದಸರಾಕ್ಕೆ ಬಾ. ನಿನ್ನ ಕೋಣೆ ಹಾಗೇ ಇರುತ್ತೆ" ಎಂದ. ನನ್ನದೆಂದು ಒಂದು ಕೋಣೆ ಆ ಮನೆಯಲ್ಲಿ ಎಂದೂ ಇರಲಿಲ್ಲ. ಅವನು ಹಾಗೆ ಹೇಳಿದ್ದಕ್ಕೇ ನನಗೆ ಆ ಮನೆ ಇನ್ನಷ್ಟು ಬೇಕೆನಿಸಿತು.

ಬಸ್ಸು ಹೊರಡಲು ಹೊತ್ತಿತ್ತು. ಸರಸ ಚೆಂಡು ಹಿಡಿದು ನನ್ನ ಹತ್ತಿರ ಬಂದಳು. "ಅತ್ತೆ, ಆ ಹುಡುಗಿ ಎಸೀತಿದ್ಲಲ್ಲ, ಅದು ಹೇಗೆ?"

ನಾನು ಒಂದು ಗಳಿಗೆಯೂ ಯೋಚಿಸಲಿಲ್ಲ. ಬಸ್‌ಸ್ಟ್ಯಾಂಡಿನ ನಡುವೆಯೇ ಅವಳ ಹಿಂದೆ ನಿಂತು, ಅವಳ ಎರಡೂ ಕೈ ಹಿಡಿದು, ಮಂಡಿ ಬಗ್ಗಿಸಿ, ಚೆಂಡನ್ನು ಕೆಳಗಿನಿಂದ ತೂರುವುದನ್ನು ತೋರಿಸಿದೆ. ಅವಳು ಒಮ್ಮೆ ತೂರಿದಳು, ಸರಿಯಾಗಲಿಲ್ಲ. ಇನ್ನೊಮ್ಮೆ ತೂರಿದಳು. ಚೆಂಡು ಬಸ್ಸಿನ ಮೇಲಿನ ಲಗೇಜಿನ ನಡುವೆ ನೆಟ್ಟಗೆ ಇಳಿದು ಕೂತಿತು.

"ಟೀಚರ್!" ಬೀಳ್ಕೊಡಲು ಬಂದಿದ್ದ ಬೊಳ್ಳಮ್ಮ ಹಿಂದಿನಿಂದ ಕೂಗಿದಳು. ಕೆನ್ನೆ ಕೆಂಪಾಗಿತ್ತು. "ಅದು ನಮ್ಮದು! ಅವರಿಗೆ ಯಾಕೆ ಹೇಳಿಕೊಡ್ತೀರಿ?"

"ಅವಳೂ ನನ್ನ ಹುಡುಗಿ ಕಣೇ" ಎಂದೆ.

"ಹಾಗಾದ್ರೆ ಮುಂದಿನ ವರ್ಷ ನಾವೆಂತ ಮಾಡೋದು?"

"ಮುಂದಿನ ವರ್ಷ ನಾವೇ ಮೈಸೂರಿಗೆ ಹೋಗಿ ಆಡೋಣ. ಅಲ್ಲಿ ಊಟಕ್ಕೆ ನಮ್ಮನೆಗೆ ಕರಕೊಂಡು ಹೋಗ್ತೀನಿ" ಎಂದೆ. "ಹೊಟ್ಟೆ ತುಂಬ ಉಂಡು, ಆಮೇಲೆ ಸೋಲಿಸಿ."